ಬೈಲಾ ಬರೆದವನು

ತಪ್ಪು ನನ್ನದೇ.
ಬಿ.ಎ. ಎರಡನೇ ವರ್ಷ ರಾಜ್ಯಶಾಸ್ತ್ರದಲ್ಲಿ ನಪಾಸಾಗಿ
ದಾವಣಗೆರೆಯ ಈ ಮಂಡಕ್ಕಿ ಭಟ್ಟಿಗಳ ಸಂಘಕ್ಕೆ
ರೈಟರಾಗಿ ಬಂದವನು ನಾನು.
ಟ್ರಂಕಿನ ತಳದಲ್ಲಿ ಆ ನೋಟ್ಸು ಹಾಗೇ ಉಳಿದಿತ್ತು.

ಮೊದಲು ನಮ್ಮ ಪದ್ಧತಿ ಬೇರೆ.
ಹನ್ನೆರಡು ಜನ ಕಮಿಟಿ, ಅವರೊಳಗೇ ಒಬ್ಬ ಅಧ್ಯಕ್ಷ.
ಏಳು ಕೈ ಎತ್ತಿದರೆ ಕುರ್ಚಿ,
ಏಳನೆಯ ಕೈ ಚಹಾದಂಗಡಿಯಲ್ಲಿ ಮನಸ್ಸು ಬದಲಿಸಿದರೆ ನೆಲ.
ಮೂರು ವರ್ಷಕ್ಕೆ ಐದು ಅಧ್ಯಕ್ಷರು.
ಹಾರ ತರುವ ಹುಡುಗ
ಯಾರಿಗೆ ಅಂತ ಕೇಳುವುದನ್ನೇ ಬಿಟ್ಟಿದ್ದ.

ಆಗ ನಾನು ಬಾಯಿಬಿಟ್ಟೆ:
“ಇನ್ನೊಂದು ಬಗೆ ಐತೆ, ಅಧ್ಯಕ್ಷೀಯ ಪದ್ಧತಿ ಅಂತಾರೆ.
ಅಧ್ಯಕ್ಷರನ್ನ ಎಲ್ಲಾರೂ ನೇರ ಆರಿಸ್ತಾರೆ,
ಕಮಿಟೀನ ಬ್ಯಾರೆ ಆರಿಸ್ತಾರೆ.
ನಾಲ್ಕು ವರ್ಷ ಇವರು ಅವರನ್ನ ಇಳಿಸಂಗಿಲ್ಲ,
ಅವರು ಇವರನ್ನ ಬರ್ಖಾಸ್ತು ಮಾಡಂಗಿಲ್ಲ.”
ನೋಟ್ಸಿನ ಪುಟವನ್ನೇ ಬೈಲಾಕ್ಕೆ ಇಳಿಸಿದೆ,
ರಾಷ್ಟ್ರ ಎಂದಿದ್ದಲ್ಲೆಲ್ಲ ಸಂಘ ಎಂದು ತಿದ್ದಿ.

ಒಂದನ್ನು ಯಾರೂ ಎಣಿಸಿರಲಿಲ್ಲ.
ಮಾಲೀಕರು ಎಂಬತ್ತು,
ಜರಡಿ ಹಿಡಿಯುವ ಹೆಂಗಸರು ಆರುನೂರು.
ಗೆದ್ದವಳು ಜೈಬುನ್ನಿಸಾ.
ಹೊಗೆಗೆ ಕೆಂಪಾದ ಕಣ್ಣು, ಉಪ್ಪಿಗೆ ಬಿರಿದ ಬೆರಳು,
ಹಾರ ಹಾಕಿಸಿಕೊಳ್ಳುವಾಗಲೂ ಹುಬ್ಬಿನಲ್ಲಿ ಮರಳು.
ಕಮಿಟಿಗೆ ಮಾತ್ರ, ಎಂದಿನ ಹಾಗೆ,
ಓಣಿಗೊಬ್ಬರಂತೆ ಮಾಲೀಕರೇ ಬಂದರು.

ತನ್ನ ಕೈಕೆಳಗಿನವರನ್ನು ಅವಳು ಹೊರಗಿನಿಂದ ತಂದಳು.
ಲೆಕ್ಕಕ್ಕೆ ನಿವೃತ್ತ ಕಂಡಕ್ಟರ್ ಕೊಟ್ರೇಶಪ್ಪ,
ದವಾಖಾನೆಗೆ ನರ್ಸು ಸುಶೀಲಾಬಾಯಿ.
ಕಮಿಟಿ ಕೆರಳಿತು. ಬೈಲಾ ತೋರಿಸಿದೆ:
ಅವರು ಉತ್ತರ ಕೊಡಬೇಕಾದ್ದು ಆಕೆಗೆ, ನಿಮಗಲ್ಲ.

ಕಾರ್ತೀಕದಲ್ಲಿ ಹೊಟ್ಟಿನ ದರ ಏರಿತು.
ಹಳೇ ಟೈರು ಸುಡಬಹುದು ಎಂದು ಕಮಿಟಿ ಠರಾವು ಮಾಡಿತು.
ಅವಳು ಸಹಿ ಹಾಕಲಿಲ್ಲ.
ಒಂದು ಸಾಲು ಬರೆಸಿ ವಾಪಸ್ ಕಳಿಸಿದಳು:
“ಒಂದಿನ ಜರಡಿ ಹಿಡಿಯಾಕೆ ನಿಮ್ಮ ಮನೆಯಾಕೀನ ಕಳಿಸ್ರಿ,
ಆಮ್ಯಾಲೆ ಮಾತಾಡಾಣ.”

ಮತ್ತೆ ಬೈಲಾ ತೆಗೆದರು. ನನ್ನದೇ ಅಕ್ಷರ:
ಹನ್ನೆರಡರಲ್ಲಿ ಎಂಟು ಜನ ಇನ್ನೊಮ್ಮೆ ಹೂಂ ಅಂದರೆ
ಸಹಿ ಇಲ್ಲದೆಯೂ ಠರಾವು ನಡೆಯತಕ್ಕದ್ದು.
ಏಳು ಜನ ಹೂಂ ಅಂದರು.
ನಾಲ್ವರು ನೆಲ ನೋಡಿದರು.
ಮುರಿಗೆಪ್ಪ ಕೆಮ್ಮುತ್ತ ಎದ್ದು ಕಿಟಕಿಗೆ ಹೋದ.

ಇಳಿಸಲು ಬರುವುದಿಲ್ಲ; ದುಡ್ಡು ನಿಲ್ಲಿಸಿದರು.
ಬಜೆಟ್ಟಿಗೆ ಒಂದು ಕೈಯೂ ಏಳಲಿಲ್ಲ.
ಮೂರು ವಾರ ನರ್ಸಿಗೆ ಸಂಬಳವಿಲ್ಲ, ಆಫೀಸಿಗೆ ಕರೆಂಟಿಲ್ಲ,
ಮೇಣದಬತ್ತಿಯಲ್ಲಿ ನಾನು ನಡಾವಳಿ ಬರೆದೆ.
“ನಮ್ಮನ್ನ ಆರಿಸಿದ್ದು ಜನ” ಎಂದರು ಅವರು.
“ನನ್ನನ್ನೇನು ಜಿನ್ನು ಆರಿಸ್ತಾ?” ಎಂದಳು ಅವಳು.
ಎರಡೂ ನಿಜ.
ನೋಟ್ಸು ತಿರುವಿದೆ. ‘ದೋಷಗಳು’ ಎಂಬ ತಲೆಬರಹ,
ಅಡಿಗೆರೆ ಸಮೇತ.
ಕೆಳಗೆ ಖಾಲಿ. ಆ ದಿನ ಕ್ಲಾಸಿಗೆ ಹೋಗಿರಲಿಲ್ಲ ನಾನು,
ಮ್ಯಾಟಿನಿಗೆ ಹೋಗಿರಬೇಕು.

ನಿನ್ನೆ ರಾತ್ರಿ ಭಟ್ಟಿಗೆ ಹೋದೆ.
ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.
“ರೈಟರೇ,” ಅಂದಳು ಜರಡಿ ನಿಲ್ಲಿಸದೆ,
“ನಾನೇ ಟೈರು ಸುಡ್ರಿ ಅನ್ನೋಳಾಗಿದ್ರೆ?”
“ಸುಡ್ತಿದ್ರು. ನಾಲ್ಕು ವರ್ಷ.”
“ಯಾರೂ ಇಳಿಸ್ತಿರಲಿಲ್ಲ?”
“ಕದ್ದರೆ ವಿಚಾರಣೆ ಐತೆ.
ಬರೇ ತಪ್ಪು ಮಾಡಿದ್ರೆ ಏನೂ ಇಲ್ಲ.”
ಜರಡಿ ನಿಂತಿತು.
“ಹಂಗಾರೆ ನಂಗೇ ನನ್ನ ಹೆದರಿಕೆ ಆಗ್ತೈತಲ್ರೀ.”
ಆಮೇಲೆ ಮಾತಿಲ್ಲ. ಮತ್ತೆ ಜರಡಿ.

ಬೆಳಿಗ್ಗೆ ಮುರಿಗೆಪ್ಪ ಆಫೀಸಿಗೆ ಬಂದ,
ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು.
ಠರಾವಿನ ಪುಟ ತೆಗೆಸಿದ, ಏಳು ಸಹಿಗಳನ್ನು ಬೆರಳಿಟ್ಟು ಎಣಿಸಿದ,
ನನ್ನ ಪೆನ್ನು ಇಸಕೊಂಡು
ಅಂಗೈ ಮೇಲೆ ಗೀಚಿ ನೋಡಿದ, ಬರೆಯುತ್ತದೆಯೇ ಎಂದು.
ಬರೆಯಿತು.
ಕೆಮ್ಮು ಬಂತು. ನೀರು ಕೇಳಿದ, ಕುಡಿದ, ಹೋದ.

ಎಂಟನೆಯ ಗೆರೆ ಖಾಲಿ ಇದೆ.
ಪೆನ್ನು ಮಾತ್ರ ಇನ್ನೂ
ಅವನ ಜೇಬಿನಲ್ಲೇ ಇದೆ.